ಕಾರಿನ ಮುಂಭಾಗದಲ್ಲಿ ಕಟಕಟ ಸದ್ದು: ಮೂಲ ಪತ್ತೆ ಹಚ್ಚುವುದು ಹೇಗೆ?

ರಸ್ತೆಯ ಹಂಪ್ ದಾಟುವಾಗ ಕಾರಿನ ಮುಂಭಾಗದಿಂದ ಕೇಳಿಬರುವ ‘ಟಕ್’ ಎಂಬ ಸಣ್ಣ ಸದ್ದನ್ನು ಬಹುತೇಕ ಮಾಲೀಕರು ಆರಂಭದಲ್ಲಿ ಗಂಭೀರವಾಗಿ ಪರಿಗಣಿಸುವುದಿಲ್ಲ. ಕಿಟಕಿ ಏರಿಸಿ, ಹಾಡಿನ ಧ್ವನಿ ಹೆಚ್ಚಿಸಿದರೆ ಸದ್ದು ಮರೆಯಾಗುತ್ತದೆ. ಕೆಲವು ವಾರಗಳಲ್ಲಿ ಅದೇ ಸದ್ದು ‘ಕಟಕಟ’ವಾಗಿ, ಬಳಿಕ ‘ಧಡ್ ಧಡ್’ ಆಗಿ ಬೆಳೆದಾಗ ಗ್ಯಾರೇಜಿನ ನೆನಪಾಗುತ್ತದೆ. ಅಲ್ಲಿ ಸರಿಯಾದ ತಪಾಸಣೆ ನಡೆಯದಿದ್ದರೆ ‘ಶಾಕ್ ಅಬ್ಸಾರ್ಬರ್ ಹೋಗಿದೆ, ಜೋಡಿ ಬದಲಿಸಬೇಕು’ ಎಂಬ ತೀರ್ಪು ಹೊರಬೀಳುತ್ತದೆ. ಸಾವಿರಾರು ರೂಪಾಯಿ ತೆತ್ತು ಕಾರನ್ನು ಮನೆಗೆ ತರುವಾಗ ಮೊದಲ ಹಂಪ್‌ನಲ್ಲೇ ಹಳೆಯ ಸದ್ದು ಮತ್ತೆ ಕೇಳಿಸಿದರೆ ಮಾಲೀಕನ ಪಾಡು ಹೇಳತೀರದು.

ಇದು ಕೇವಲ ಹಣದ ಪ್ರಶ್ನೆಯಲ್ಲ. ಮುಂಭಾಗದ ಸಸ್ಪೆನ್ಷನ್‌ನಿಂದ ಬರುವ ಸದ್ದುಗಳಲ್ಲಿ ಕೆಲವು ಕೇವಲ ಕಿರಿಕಿರಿ ಉಂಟುಮಾಡಿದರೆ, ಇನ್ನು ಕೆಲವು ಚಕ್ರವೇ ಕಳಚಿ ಮಡಚಿಕೊಳ್ಳುವ ಅಪಾಯದ ಮುನ್ಸೂಚನೆಯಾಗಿರುತ್ತವೆ. ಎರಡರ ನಡುವಿನ ವ್ಯತ್ಯಾಸ ತಿಳಿಯಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಸದ್ದು ಯಾವಾಗ, ಹೇಗೆ, ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ಕ್ರಮವಾಗಿ ಗಮನಿಸುವ ತಾಳ್ಮೆ ಇದ್ದರೆ ಸಾಕು.

ಮುಂಭಾಗದಲ್ಲಿ ಏನೇನಿದೆ?

ಇಂದು ರಸ್ತೆಗಳಲ್ಲಿ ಓಡಾಡುವ ಬಹುತೇಕ ಸಣ್ಣ ಹಾಗೂ ಮಧ್ಯಮ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ವ್ಯವಸ್ಥೆ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ಇದನ್ನು ರೂಪಿಸಿದರು. 1950ರಲ್ಲಿ ಪರಿಚಯಿಸಲಾದ ಬ್ರಿಟನ್‌ನ ಫೋರ್ಡ್ ಕಾನ್ಸುಲ್ ಹಾಗೂ ಜೆಫಿರ್ ಕಾರುಗಳು ಈ ವ್ಯವಸ್ಥೆಯನ್ನು ಜನಪ್ರಿಯಗೊಳಿಸಿದವು. ಭಾರತದಲ್ಲಿ 1983ರಲ್ಲಿ ಬಂದ ಮಾರುತಿ 800 ಇದನ್ನು ಮನೆಮನೆಗೆ ತಲುಪಿಸಿತು. ಅದಕ್ಕೂ ಮೊದಲು ರಸ್ತೆಯ ರಾಜನಾಗಿದ್ದ ಅಂಬಾಸಡರ್ ಕಾರಿನ ಮುಂಭಾಗದಲ್ಲಿ ತಿರುಚಿಕೊಂಡು ಭಾರ ತಡೆಯುವ ಟಾರ್ಷನ್ ಬಾರ್ ಇತ್ತು. ಅದರ ಕೀಲುಗಳಿಗೆ ಆಗಾಗ್ಗೆ ಗ್ರೀಸ್ ಹೊಡೆಸುವುದು ಮಾಲೀಕರ ನಿತ್ಯದ ಕರ್ತವ್ಯಗಳಲ್ಲಿ ಒಂದಾಗಿತ್ತು. ಈಗಿನ ಕಾರುಗಳ ಕೀಲುಗಳಲ್ಲಿ ಗ್ರೀಸನ್ನು ಕಾರ್ಖಾನೆಯಲ್ಲಿಯೇ ತುಂಬಿ ಮುಚ್ಚಲಾಗಿರುತ್ತದೆ. ರಬ್ಬರ್ ಹೊದಿಕೆ ಹರಿದ ದಿನವೇ ಆ ಕೀಲಿನ ಆಯಸ್ಸು ಮುಗಿಯತೊಡಗುತ್ತದೆ.

ಈ ವ್ಯವಸ್ಥೆಯಲ್ಲಿ ಶಾಕ್ ಅಬ್ಸಾರ್ಬರ್ ಹಾಗೂ ಅದರ ಸುತ್ತ ಕುಳಿತ ಕಾಯಿಲ್ ಸ್ಪ್ರಿಂಗ್ ಎರಡೂ ಸೇರಿ ಒಂದೇ ಕಂಬದಂತಿರುತ್ತವೆ. ಇದೇ ಸ್ಟ್ರಟ್. ಇದರ ಮೇಲ್ತುದಿ ರಬ್ಬರ್ ಹಾಗೂ ಬೇರಿಂಗ್ ಇರುವ ಮೌಂಟ್ ಮೂಲಕ ಬಾನೆಟ್ ಒಳಗೆ ಬಾಡಿಗೆ ಸೇರಿಕೊಂಡಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಇಡೀ ಸ್ಟ್ರಟ್ ಈ ಬೇರಿಂಗ್ ಮೇಲೆ ತಿರುಗುತ್ತದೆ. ಕೆಳತುದಿಯನ್ನು ಲೋವರ್ ಆರ್ಮ್ ಹಿಡಿದಿರುತ್ತದೆ. ಈ ಆರ್ಮ್‌ನ ಒಂದು ಬದಿಯಲ್ಲಿ ಎರಡು ರಬ್ಬರ್ ಬುಷ್‌ಗಳು, ಚಕ್ರದ ಬದಿಯಲ್ಲಿ ಒಂದು ಬಾಲ್ ಜಾಯಿಂಟ್ ಇರುತ್ತವೆ. ಎಡ ಹಾಗೂ ಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್ ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುತ್ತದೆ. ಇದು ಎರಡು ಬುಷ್‌ಗಳ ಮೇಲೆ ಕುಳಿತು, ಎರಡು ಪುಟ್ಟ ಲಿಂಕ್‌ಗಳ ಮೂಲಕ ಸಸ್ಪೆನ್ಷನ್‌ಗೆ ಸೇರುತ್ತದೆ. ಇವುಗಳ ಜತೆಗೆ ಸ್ಟೀರಿಂಗ್ ರ್ಯಾಕ್, ಟೈ ರಾಡ್ ಎಂಡ್, ಡ್ರೈವ್ ಶಾಫ್ಟ್, ಚಕ್ರದ ಬೇರಿಂಗ್ ಹಾಗೂ ಬ್ರೇಕ್ ಭಾಗಗಳೂ ಅದೇ ಇಕ್ಕಟ್ಟಿನ ಜಾಗದಲ್ಲಿರುತ್ತವೆ. ಸದ್ದಿನ ಮೂಲ ಹುಡುಕುವುದು ಕಷ್ಟವಾಗುವುದು ಈ ಕಾರಣದಿಂದಲೇ. ಕಬ್ಬಿಣದ ಮೂಲಕ ಸದ್ದು ಸುಲಭವಾಗಿ ಹರಿಯುವುದರಿಂದ ಎಡಗಡೆಯ ದೋಷ ಬಲಗಡೆ ಕೇಳಿಸುವುದೂ ಉಂಟು.

ಮೊದಲು ಸುಳ್ಳು ಸದ್ದುಗಳನ್ನು ದೂರ ಮಾಡಿ

ಸಸ್ಪೆನ್ಷನ್ ಮೇಲೆ ಆರೋಪ ಹೊರಿಸುವ ಮುನ್ನ ಅದಕ್ಕೆ ಸಂಬಂಧವೇ ಇಲ್ಲದ ಸದ್ದುಗಳನ್ನು ಪಟ್ಟಿಯಿಂದ ಹೊರಹಾಕಬೇಕು. ಸಡಿಲಗೊಂಡ ನಂಬರ್ ಪ್ಲೇಟ್, ವೀಲ್ ಕ್ಯಾಪ್, ಬ್ಯಾಟರಿಯ ಕ್ಲ್ಯಾಂಪ್, ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ, ಸೈಲೆನ್ಸರ್ ಮೇಲಿನ ತಗಡಿನ ಹೊದಿಕೆ, ಡ್ಯಾಶ್‌ಬೋರ್ಡ್ ಡಬ್ಬಿಯೊಳಗಿನ ಟಾರ್ಚ್ ಮತ್ತು ಚಿಲ್ಲರೆ ನಾಣ್ಯಗಳು ಥೇಟ್ ಸಸ್ಪೆನ್ಷನ್‌ನಂತೆಯೇ ಸದ್ದು ಮಾಡಬಲ್ಲವು. ಟೈರಿನ ಗೀರುಗಳಲ್ಲಿ ಸಿಕ್ಕಿದ ಕಲ್ಲು ವೇಗಕ್ಕೆ ತಕ್ಕಂತೆ ‘ಟಿಕ್ ಟಿಕ್’ ಎನ್ನುತ್ತದೆ.

ಚಕ್ರದ ನಟ್‌ಗಳು ಬಿಗಿಯಾಗಿವೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕು. ಪಂಕ್ಚರ್ ಹಾಕಿಸಿದ ಅಥವಾ ಟೈರ್ ಬದಲಿಸಿದ ಮರುದಿನವೇ ಸದ್ದು ಆರಂಭವಾಗಿದ್ದರೆ ಅನುಮಾನ ಇನ್ನಷ್ಟು ಬಲವಾಗಬೇಕು. ನಿಧಾನ ವೇಗದಲ್ಲಿ ಕೇಳಿಬರುವ ಈ ‘ಕಟ್ ಕಟ್’ ಸದ್ದನ್ನು ನಿರ್ಲಕ್ಷಿಸಿದರೆ ಚಕ್ರವೇ ಕಳಚಿ ಬೀಳಬಹುದು.

ಬ್ರೇಕ್ ಪ್ಯಾಡ್ ಸಡಿಲವಾಗಿದ್ದರೂ ಹಾಳು ರಸ್ತೆಯಲ್ಲಿ ಕಟಕಟ ಸದ್ದು ಬರುತ್ತದೆ. ಇದನ್ನು ಗುರುತಿಸುವುದು ಸುಲಭ. ಸದ್ದು ಬರುತ್ತಿರುವಾಗಲೇ ಬ್ರೇಕ್ ಪೆಡಲ್ ಮೇಲೆ ಹಗುರವಾಗಿ ಕಾಲಿಡಬೇಕು. ಸದ್ದು ಕೂಡಲೇ ನಿಂತರೆ ದೋಷ ಪ್ಯಾಡ್ ಅಥವಾ ಕ್ಯಾಲಿಪರ್‌ನಲ್ಲಿರುವ ಸಾಧ್ಯತೆ ಹೆಚ್ಚು. ರಿವರ್ಸ್ ತೆಗೆದ ಬಳಿಕ ಮೊದಲ ಬಾರಿ ಬ್ರೇಕ್ ಒತ್ತಿದಾಗ ಒಮ್ಮೆ ಮಾತ್ರ ‘ಟಕ್’ ಎಂದರೆ ಪ್ಯಾಡ್ ತನ್ನ ಜಾಗದಲ್ಲಿ ಸರಿದು ಕೂತಿದೆ ಎಂದರ್ಥ. ಅದಕ್ಕೆ ಗಾಬರಿಪಡುವ ಅಗತ್ಯವಿಲ್ಲ.

ಎಂಜಿನ್ ಚಾಲೂ ಅಥವಾ ಬಂದ್ ಮಾಡುವಾಗ, ಮೊದಲ ಗೇರ್‌ನಲ್ಲಿ ಕ್ಲಚ್ ಬಿಡುವಾಗ ಮಾತ್ರ ‘ಧಡ್’ ಎಂಬ ಸದ್ದು ಬಂದರೆ ಎಂಜಿನ್ ಮೌಂಟಿಂಗ್ ರಬ್ಬರನ್ನು ನೋಡಬೇಕು.

ಸದ್ದು ಯಾವಾಗ ಬರುತ್ತದೆ?

ಗ್ಯಾರೇಜಿಗೆ ಹೋಗುವ ಮುನ್ನ ಮಾಲೀಕರು ಎರಡು ಮೂರು ದಿನ ಈ ಕೆಳಗಿನ ಅಂಶಗಳನ್ನು ಗಮನಿಸಿ ಬರೆದಿಟ್ಟುಕೊಳ್ಳುವುದು ಒಳಿತು.

* ಸಣ್ಣ ಗುಂಡಿಗಳಲ್ಲಿ ಬರುತ್ತದೆಯೋ, ದೊಡ್ಡ ಹಂಪ್‌ನಲ್ಲಿ ಮಾತ್ರವೋ?
* ಎರಡೂ ಚಕ್ರ ಒಟ್ಟಿಗೆ ಹತ್ತಿದಾಗಲೋ, ಒಂದೇ ಚಕ್ರ ಗುಂಡಿಗೆ ಇಳಿದಾಗಲೋ?
* ಬ್ರೇಕ್ ಹಿಡಿದಾಗ ಅಥವಾ ಬಿಟ್ಟಾಗ ಬರುತ್ತದೆಯೇ?
* ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಬರುತ್ತದೆಯೇ?
* ಪೂರ್ತಿ ಕಟ್ ಮಾಡಿ ಯೂ ಟರ್ನ್ ತೆಗೆಯುವಾಗ ಬರುತ್ತದೆಯೇ?
* ವೇಗ ಹೆಚ್ಚಿದಂತೆ ಸದ್ದೂ ಏರುತ್ತದೆಯೇ?
* ಮಳೆ ಬಂದಾಗ ಕಡಿಮೆಯಾಗುತ್ತದೆಯೇ? ಬೆಳಗಿನ ಚಳಿಯಲ್ಲಿ ಹೆಚ್ಚುತ್ತದೆಯೇ?

ಸದ್ದು ಕೇಳಲು ಗದ್ದಲವಿಲ್ಲದ ರಸ್ತೆಯನ್ನು ಆಯ್ದುಕೊಳ್ಳಬೇಕು. ರೇಡಿಯೊ, ಎ.ಸಿ. ಬಂದ್ ಮಾಡಿ, ಕಿಟಕಿ ಇಳಿಸಿ, ಗೋಡೆಯೊಂದರ ಪಕ್ಕದಲ್ಲಿ ನಿಧಾನವಾಗಿ ಸಾಗಿದರೆ ಸದ್ದು ಗೋಡೆಗೆ ಬಡಿದು ಸ್ಪಷ್ಟವಾಗಿ ಕೇಳುತ್ತದೆ. ಚಾಲಕ ಬಲಗಡೆ ಕೂರುವುದರಿಂದ ಆ ಬದಿಯ ಸದ್ದೇ ಹೆಚ್ಚು ಕೇಳಿಸುವುದು ಸಹಜ. ಎಡಗಡೆ ಇನ್ನೊಬ್ಬರನ್ನು ಕೂರಿಸಿಕೊಂಡು ಹೋಗುವುದು ಸೂಕ್ತ. ಎಂಜಿನ್ ಸದ್ದೇ ಇಲ್ಲದ ವಿದ್ಯುತ್ ಕಾರುಗಳಲ್ಲಿ ಸಣ್ಣ ಸದ್ದೂ ದೊಡ್ಡದಾಗಿ ಕೇಳಿಸುತ್ತದೆ. ಪೆಟ್ರೋಲ್ ಕಾರಿನಿಂದ ಅದಕ್ಕೆ ಬದಲಾದವರು ಇದನ್ನು ನೆನಪಿನಲ್ಲಿಡಬೇಕು.

ಸಣ್ಣ ಗುಂಡಿಗಳಲ್ಲಿ ಲೊಟಲೊಟ: ಸ್ಟೆಬಿಲೈಸರ್ ಲಿಂಕ್

ನಗರದ ಕಿತ್ತುಹೋದ ರಸ್ತೆಯಲ್ಲಿ 20ರಿಂದ 30 ಕಿ.ಮೀ. ವೇಗದಲ್ಲಿ ಸಾಗುವಾಗ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ ಸದ್ದು ಬಂದರೆ ಮೊದಲ ಅನುಮಾನ ಸ್ಟೆಬಿಲೈಸರ್ ಲಿಂಕ್ ಮೇಲೆ. ಇದರ ಎರಡೂ ತುದಿಗಳಲ್ಲಿರುವ ಪುಟ್ಟ ಬಾಲ್ ಜಾಯಿಂಟ್‌ಗಳು ಸವೆದಾಗ ಈ ಸದ್ದು ಹುಟ್ಟುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಸರಳ ಪರೀಕ್ಷೆಯೊಂದಿದೆ. ಒಂದು ಹಂಪನ್ನು ನೇರವಾಗಿ, ಎರಡೂ ಮುಂದಿನ ಚಕ್ರಗಳು ಒಟ್ಟಿಗೆ ಹತ್ತುವಂತೆ ದಾಟಬೇಕು. ಬಳಿಕ ಒಂದೇ ಚಕ್ರ ಗುಂಡಿಗೆ ಇಳಿಯುವಂತೆ ಸಾಗಬೇಕು. ಎರಡೂ ಚಕ್ರ ಒಟ್ಟಿಗೆ ಮೇಲೆದ್ದಾಗ ಸ್ಟೆಬಿಲೈಸರ್ ಬಾರ್ ತಿರುಚಿಕೊಳ್ಳುವುದಿಲ್ಲ. ಹೀಗಾಗಿ ಲಿಂಕ್ ಮೇಲೆ ಒತ್ತಡ ಕಡಿಮೆ. ಒಂದು ಚಕ್ರ ಮಾತ್ರ ಏರಿಳಿದಾಗ ಬಾರ್ ತಿರುಚಿ ಲಿಂಕನ್ನು ಎಳೆಯುತ್ತದೆ. ಮೊದಲ ಸಲ ಮೌನ, ಎರಡನೇ ಸಲ ಸದ್ದು ಎಂದಾದರೆ ಲಿಂಕ್ ಅಥವಾ ಬಾರ್‌ನ ಬುಷ್ ಸವೆದಿರುವ ಸಾಧ್ಯತೆ ಹೆಚ್ಚು.

ಗ್ಯಾರೇಜುಗಳಲ್ಲಿ ಈ ದೋಷ ಕೆಲವೊಮ್ಮೆ ತಪ್ಪಿಸಿಕೊಳ್ಳಲು ಒಂದು ಕಾರಣವಿದೆ. ಒಂದು ಬದಿಯನ್ನು ಮಾತ್ರ ಜಾಕ್ ಮೇಲೆತ್ತಿದಾಗ ಬಾರ್ ತಿರುಚಿ ಲಿಂಕನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಆಗ ಸವೆದ ಲಿಂಕ್ ಕೂಡ ಅಲ್ಲಾಡುವುದಿಲ್ಲ. ಎರಡೂ ಚಕ್ರಗಳು ಒಂದೇ ಮಟ್ಟದಲ್ಲಿದ್ದಾಗ ಲಿಂಕನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಬೇಕು. ಸಸ್ಪೆನ್ಷನ್ ಭಾಗಗಳಲ್ಲಿ ಇದು ಅಗ್ಗದ್ದು, ಬದಲಿಸುವುದೂ ಸುಲಭ. ಇದರ ಸದ್ದಿಗೆ ದುಬಾರಿ ಶಾಕ್ ಅಬ್ಸಾರ್ಬರ್ ಬದಲಿಸಿ ಹಣ ಕಳೆದುಕೊಂಡವರೇ ಅಧಿಕ.

ಸ್ಟೀರಿಂಗ್ ತಿರುಗಿಸಿದಾಗ ‘ಟಂಯ್’: ಸ್ಟ್ರಟ್ ಮೌಂಟ್

ಕಾರು ನಿಂತಿರುವಾಗ ಅಥವಾ ಪಾರ್ಕಿಂಗ್ ಮಾಡುವಾಗ ಸ್ಟೀರಿಂಗ್ ತಿರುಗಿಸಿದರೆ ತಂತಿ ಮೀಟಿದಂತೆ ‘ಟಂಯ್’ ಎಂಬ ಸದ್ದು ಬಂದರೆ ಸ್ಟ್ರಟ್ ಮೇಲ್ತುದಿಯ ಬೇರಿಂಗ್ ಸರಾಗವಾಗಿ ತಿರುಗುತ್ತಿಲ್ಲ ಎಂದರ್ಥ. ಬೇರಿಂಗ್ ಹಿಡಿದುಕೊಂಡಾಗ ಕಾಯಿಲ್ ಸ್ಪ್ರಿಂಗ್ ತಿರುಚಿಕೊಂಡು, ಒಮ್ಮೆಲೇ ಬಿಡಿಸಿಕೊಂಡು ಹಾರುತ್ತದೆ. ಸ್ಟೀರಿಂಗ್ ಭಾರವಾಗುವುದು, ತಿರುವಿನ ಬಳಿಕ ತಾನಾಗಿ ಮಧ್ಯಕ್ಕೆ ಮರಳದಿರುವುದು ಇದರ ಜತೆಗೆ ಕಾಣುವ ಲಕ್ಷಣಗಳು.

ಇದನ್ನು ಇಬ್ಬರು ಸೇರಿ ಪರೀಕ್ಷಿಸಬಹುದು. ಒಬ್ಬರು ಸ್ಟೀರಿಂಗನ್ನು ನಿಧಾನವಾಗಿ ತಿರುಗಿಸುತ್ತಿರುವಾಗ ಇನ್ನೊಬ್ಬರು ಸ್ಪ್ರಿಂಗ್‌ನ ಹೊರಮೈಗೆ ಹಗುರವಾಗಿ ಅಂಗೈ ತಾಗಿಸಬೇಕು. ಸುರುಳಿಗಳ ನಡುವೆ ಬೆರಳು ತೂರಿಸಬಾರದು. ಸ್ಪ್ರಿಂಗ್ ತಡೆದು ತಡೆದು ಜಿಗಿಯುವುದು ಕೈಗೆ ತಿಳಿಯುತ್ತದೆ. ಮೌಂಟ್‌ನ ರಬ್ಬರ್ ಕುಸಿದಿದ್ದರೆ ಹಂಪ್ ಇಳಿಯುವಾಗ ಡ್ಯಾಶ್‌ಬೋರ್ಡ್ ಬಳಿಯೇ ಬಡಿದಂತೆ ‘ಧಡ್’ ಎಂಬ ಸದ್ದು ಕೇಳುತ್ತದೆ.

ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್

ಹಳೆಯ ಕಾಲದಿಂದಲೂ ನಡೆದು ಬಂದಿರುವ ಪರೀಕ್ಷೆ ಎಂದರೆ ಬಾನೆಟ್‌ನ ಮೂಲೆಯನ್ನು ಬಲವಾಗಿ ಕೆಳಗೆ ಒತ್ತಿ ಬಿಡುವುದು. ಕಾರು ಒಮ್ಮೆ ಮೇಲೆದ್ದು ತನ್ನ ಮಟ್ಟಕ್ಕೆ ಬಂದು ನಿಲ್ಲಬೇಕು. ಎರಡು ಮೂರು ಬಾರಿ ತೂಗಿದರೆ ಶಾಕ್ ಅಬ್ಸಾರ್ಬರ್ ಶಕ್ತಿ ಕಳೆದುಕೊಂಡಿದೆ ಎಂದು ತಿಳಿಯಬಹುದು. ಆದರೆ ಈ ಪರೀಕ್ಷೆಯಲ್ಲಿ ಪಾಸಾದ ಮಾತ್ರಕ್ಕೆ ಶಾಕ್ ಅಬ್ಸಾರ್ಬರ್ ಸುಸ್ಥಿತಿಯಲ್ಲಿದೆ ಎನ್ನುವಂತಿಲ್ಲ. ಹೆದ್ದಾರಿಯ ವೇಗದಲ್ಲಿ ಮಾತ್ರ ಕಾಣಿಸಿಕೊಳ್ಳುವ ದೌರ್ಬಲ್ಯವನ್ನು ಇದು ತೋರಿಸುವುದಿಲ್ಲ.

ಶಾಕ್ ಅಬ್ಸಾರ್ಬರ್‌ನ ಮೈಮೇಲೆ ಧೂಳು ಮೆತ್ತಿಕೊಂಡ ತೆಳುವಾದ ಎಣ್ಣೆಯ ಪಸೆ ಇದ್ದರೆ ಅದನ್ನು ದೋಷವೆಂದು ಪರಿಗಣಿಸಬೇಕಿಲ್ಲ. ಎಣ್ಣೆ ಧಾರೆಯಾಗಿ ಇಳಿದು ತೊಯ್ದಿದ್ದರೆ ಬದಲಿಸಲೇಬೇಕು. ಟೈರಿನ ಮೇಲೆ ಕೈಯಾಡಿಸಿದಾಗ ಅಲ್ಲಲ್ಲಿ ತಗ್ಗು ಉಬ್ಬು ಕಂಡರೆ ಚಕ್ರ ರಸ್ತೆಯ ಮೇಲೆ ಪುಟಿಯುತ್ತಿದೆ ಎಂದರ್ಥ. ಶಾಕ್ ಅಬ್ಸಾರ್ಬರ್‌ಗಳನ್ನು ಎಡ ಬಲ ಜೋಡಿಯಾಗಿಯೇ ಬದಲಿಸುವುದು ನಿಯಮ. ಒಂದೇ ಬದಿ ಹೊಸದಾದರೆ ಬ್ರೇಕ್ ಹಿಡಿದಾಗ ಕಾರಿನ ವರ್ತನೆ ಎರಡೂ ಕಡೆ ಸಮನಾಗಿರುವುದಿಲ್ಲ.

ಕಾಯಿಲ್ ಸ್ಪ್ರಿಂಗ್ ಮುರಿಯುವುದು ಅಪರೂಪವೇನಲ್ಲ. ಸಾಮಾನ್ಯವಾಗಿ ತುದಿಯ ಸುರುಳಿ, ಅದರಲ್ಲೂ ಕೆಸರು, ನೀರು ನಿಲ್ಲುವ ಕೆಳಭಾಗದಲ್ಲಿ ತುಕ್ಕು ಹಿಡಿದು ಮುರಿಯುತ್ತದೆ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎರಡೂ ಬದಿಯಲ್ಲಿ ಚಕ್ರದ ಮಧ್ಯದಿಂದ ಫೆಂಡರ್ ಅಂಚಿನವರೆಗಿನ ಅಂತರ ಅಳೆದರೆ ವ್ಯತ್ಯಾಸ ಗೊತ್ತಾಗುತ್ತದೆ. ಮುರಿದ ತುಂಡು ಟೈರಿಗೆ ತಗುಲಿ ಅದನ್ನು ಸೀಳುವ ಅಪಾಯವಿರುವುದರಿಂದ ಅಂಥ ಕಾರನ್ನು ಓಡಿಸಬಾರದು.

ಬ್ರೇಕ್ ಒತ್ತಿದಾಗ ‘ಧಡ್’: ಲೋವರ್ ಆರ್ಮ್ ಬುಷ್

ಬ್ರೇಕ್ ಹಿಡಿದಾಗ ಒಮ್ಮೆ, ಬಿಟ್ಟು ಆಕ್ಸಿಲರೇಟರ್ ಒತ್ತಿದಾಗ ಮತ್ತೊಮ್ಮೆ ಮೆತ್ತನೆಯ ‘ಧಡ್’ ಸದ್ದು ಬಂದರೆ ಲೋವರ್ ಆರ್ಮ್‌ನ ಬುಷ್ ಹರಿದಿರಬಹುದು. ಬ್ರೇಕ್ ಹಿಡಿದಾಗ ಚಕ್ರ ಹಿಂದಕ್ಕೆ, ವೇಗ ಪಡೆದಾಗ ಮುಂದಕ್ಕೆ ಸರಿಯಲು ಯತ್ನಿಸುತ್ತದೆ. ಬುಷ್ ಗಟ್ಟಿಯಾಗಿದ್ದರೆ ಅದಕ್ಕೆ ಅವಕಾಶವಿಲ್ಲ. ಹರಿದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಕಾರು ಒಂದು ಬದಿಗೆ ಎಳೆಯುವುದು, ಟೈರ್ ಒಳ ಅಂಚಿನಲ್ಲಿ ಮಾತ್ರ ಸವೆಯುವುದು ಇತರ ಸೂಚನೆಗಳು. ಲಿಫ್ಟ್ ಮೇಲೆ ಸನ್ನೆಕೋಲಿನಿಂದ ಆರ್ಮ್ ಮೀಟಿದರೆ ರಬ್ಬರ್‌ನ ಬಿರುಕು ಬಾಯಿ ಬಿಡುವುದು ಕಾಣುತ್ತದೆ.

ಹೊಸ ಬುಷ್ ಹಾಕಿದ ಕೆಲವೇ ತಿಂಗಳಲ್ಲಿ ಮತ್ತೆ ಹಾಳಾಗುವ ದೂರು ಸಾಮಾನ್ಯ. ಇದರ ಹಿಂದೆ ಜೋಡಣೆಯ ತಪ್ಪು ಇರಬಹುದು. ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಆರ್ಮ್‌ನ ಬೋಲ್ಟ್ ಬಿಗಿದರೆ, ಕಾರು ನೆಲಕ್ಕಿಳಿದ ಕೂಡಲೇ ರಬ್ಬರ್ ಶಾಶ್ವತವಾಗಿ ತಿರುಚಿದ ಸ್ಥಿತಿಯಲ್ಲಿ ಉಳಿಯುತ್ತದೆ. ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ಬಳಿಕವೇ ಈ ಬೋಲ್ಟ್‌ಗಳನ್ನು ಅಂತಿಮವಾಗಿ ಬಿಗಿಯಬೇಕು. ಮಾಲೀಕರು ಈ ಒಂದು ಅಂಶವನ್ನು ಮೆಕ್ಯಾನಿಕ್ ಬಳಿ ಕೇಳಿ ಖಚಿತಪಡಿಸಿಕೊಂಡರೆ ಎರಡನೇ ಬಾರಿಯ ಖರ್ಚು ಉಳಿಯುತ್ತದೆ.

ಅತ್ಯಂತ ಅಪಾಯಕಾರಿ: ಬಾಲ್ ಜಾಯಿಂಟ್ ಮತ್ತು ಟೈ ರಾಡ್

ತಿರುವಿನಲ್ಲಿ ಹಾಗೂ ಗುಂಡಿಯಲ್ಲಿ ‘ಕಟ್’ ಎಂಬ ಗಡುಸಾದ ಸದ್ದು, ಸ್ಟೀರಿಂಗ್‌ನಲ್ಲಿ ಅಲುಗಾಟ, ಹೆದ್ದಾರಿಯಲ್ಲಿ ಕಾರು ಅತ್ತಿತ್ತ ಅಲೆದಾಡುವುದು ಬಾಲ್ ಜಾಯಿಂಟ್ ಅಥವಾ ಟೈ ರಾಡ್ ಎಂಡ್ ಸವೆದಿರುವುದರ ಲಕ್ಷಣ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಕಾರು ನಿಯಂತ್ರಣ ತಪ್ಪುತ್ತದೆ. ಟೈ ರಾಡ್ ಕಳಚಿದರೆ ಆ ಚಕ್ರದ ಮೇಲೆ ಸ್ಟೀರಿಂಗ್‌ನ ಹಿಡಿತವೇ ಇರುವುದಿಲ್ಲ. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಹೀಗಾದರೆ ಪರಿಣಾಮ ಏನೆಂಬುದನ್ನು ವಿವರಿಸಬೇಕಿಲ್ಲ.

ಚಕ್ರವನ್ನು ಮೇಲೆತ್ತಿ, ಗಡಿಯಾರದ 12 ಮತ್ತು 6ರ ಸ್ಥಾನಗಳಲ್ಲಿ ಹಿಡಿದು ಅಲ್ಲಾಡಿಸಬೇಕು. ಸಡಿಲ ಕಂಡುಬಂದರೆ ಚಕ್ರದ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ದೋಷವಿದೆ. ಆಗ ಇನ್ನೊಬ್ಬರು ಬ್ರೇಕ್ ಪೆಡಲ್ ಒತ್ತಿ ಹಿಡಿಯಬೇಕು. ಸಡಿಲ ಮಾಯವಾದರೆ ದೋಷ ಬೇರಿಂಗ್‌ನದು. ಹಾಗೆಯೇ ಉಳಿದರೆ ಬಾಲ್ ಜಾಯಿಂಟ್‌ನದು. 3 ಮತ್ತು 9ರ ಸ್ಥಾನಗಳಲ್ಲಿ ಮಾತ್ರ ಸಡಿಲವಿದ್ದರೆ ಟೈ ರಾಡ್ ಎಂಡ್ ಅಥವಾ ರ್ಯಾಕ್ ಒಳಗಿನ ಕೀಲನ್ನು ಪರಿಶೀಲಿಸಬೇಕು. ಕಾರು ನೆಲದ ಮೇಲೆ ನಿಂತಿರುವಾಗ ಎಂಜಿನ್ ಚಾಲೂ ಮಾಡಿ, ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪವೇ ಆಡಿಸುತ್ತ, ಇನ್ನೊಬ್ಬರು ಒಂದೊಂದೇ ಕೀಲಿನ ಮೇಲೆ ಕೈಯಿಟ್ಟು ನೋಡುವುದು ಇನ್ನೊಂದು ಖಚಿತ ವಿಧಾನ. ಸವೆದ ಕೀಲಿನ ಬಡಿತ ಬೆರಳಿಗೆ ತಾಗುತ್ತದೆ.

ಜಾಕ್ ಎಲ್ಲಿ ಕೊಡಬೇಕು ಎಂಬುದೂ ಇಲ್ಲಿ ಮುಖ್ಯ. ಮ್ಯಾಕ್‌ಫರ್ಸನ್ ವ್ಯವಸ್ಥೆಯಲ್ಲಿ ಕಾರಿನ ಭಾರ ಸ್ಟ್ರಟ್ ಮೂಲಕ ಇಳಿಯುವುದರಿಂದ ಬಾಡಿಯ ಕೆಳಗೆ ಎತ್ತಿ ಚಕ್ರವನ್ನು ನೇತಾಡಲು ಬಿಟ್ಟು ಪರೀಕ್ಷಿಸಬೇಕು. ಇನ್ನೋವಾ ಕ್ರಿಸ್ಟಾದಂತಹ ವಾಹನಗಳಲ್ಲಿ ಮೇಲೊಂದು ಕೆಳಗೊಂದು ಆರ್ಮ್ ಇರುವ ಡಬಲ್ ವಿಷ್‌ಬೋನ್ ವ್ಯವಸ್ಥೆಯಿದೆ. ಸ್ಪ್ರಿಂಗ್ ಕೆಳ ಆರ್ಮ್ ಮೇಲೆ ಕುಳಿತಿರುವಲ್ಲಿ ಆ ಆರ್ಮ್ ಕೆಳಗೇ ಎತ್ತಿದರೆ ಮಾತ್ರ ಕೀಲಿನ ಮೇಲಿನ ಭಾರ ಇಳಿದು ಸಡಿಲ ಕಾಣುತ್ತದೆ.

ಸಸ್ಪೆನ್ಷನ್ ಅಲ್ಲ, ಆದರೆ ಅಲ್ಲಿಂದಲೇ ಬಂದಂತೆ ಕೇಳುವ ಸದ್ದು

ಸ್ಟೀರಿಂಗ್ ಪೂರ್ತಿ ಕಟ್ ಮಾಡಿ ಆಕ್ಸಿಲರೇಟರ್ ಒತ್ತಿದಾಗ ‘ಕಟ್ ಕಟ್ ಕಟ್’ ಎಂದು ಚಕ್ರದ ಲಯಕ್ಕೆ ತಕ್ಕಂತೆ ಸದ್ದು ಬಂದರೆ ಡ್ರೈವ್ ಶಾಫ್ಟ್‌ನ ಹೊರ ತುದಿಯ ಸಿ.ವಿ. ಜಾಯಿಂಟ್ ಸವೆದಿದೆ. ಚಕ್ರದ ಒಳಬದಿಯಲ್ಲಿ ಗ್ರೀಸ್ ಚಿಮ್ಮಿದ ಕಲೆ, ಹರಿದ ರಬ್ಬರ್ ಬೂಟ್ ಇದಕ್ಕೆ ಸಾಕ್ಷಿ. ಬೂಟ್ ಹರಿದ ಕೂಡಲೇ ಗಮನಿಸಿ ಗ್ರೀಸ್ ತುಂಬಿ ಹೊಸ ಬೂಟ್ ಹಾಕಿಸಿದರೆ ಜಾಯಿಂಟ್ ಉಳಿಯುತ್ತದೆ. ಸದ್ದು ಆರಂಭವಾದ ಮೇಲೆ ಬೂಟ್ ಬದಲಿಸಿ ಪ್ರಯೋಜನವಿಲ್ಲ.

ವೇಗ ಹೆಚ್ಚಿದಂತೆ ‘ಗುಂಯ್’ ಎಂಬ ಗುನುಗು ಏರುತ್ತ ಹೋದರೆ ಚಕ್ರದ ಬೇರಿಂಗ್ ಅಥವಾ ಟೈರ್ ಕಾರಣ. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಬಂದಾಗ ಸದ್ದು ಬದಲಾದರೆ ಅದು ಟೈರಿನದು. ಬದಲಾಗದೆ, ತಿರುವಿನಲ್ಲಿ ಮಾತ್ರ ಹೆಚ್ಚು ಕಡಿಮೆಯಾದರೆ ಬೇರಿಂಗ್‌ನದು. ಬಲಕ್ಕೆ ತಿರುಗುವಾಗ ಭಾರ ಎಡ ಚಕ್ರದ ಮೇಲೆ ಬೀಳುವುದರಿಂದ, ಆಗ ಸದ್ದು ಏರಿದರೆ ಎಡಗಡೆಯ ಬೇರಿಂಗ್ ಮೇಲೆ ಅನುಮಾನ ಪಡಬೇಕು.

ಕಿರುಗುಟ್ಟುವ ರಬ್ಬರ್: ನೀರಿನ ಪರೀಕ್ಷೆ

ಹಳೆಯ ಬಾಗಿಲಿನಂತೆ ‘ಕಿರ್ರ್’ ಎನ್ನುವ ಸದ್ದು ಸಾಮಾನ್ಯವಾಗಿ ಒಣಗಿದ ರಬ್ಬರ್ ಬುಷ್‌ನಿಂದ ಬರುತ್ತದೆ. ಮಳೆಗಾಲದಲ್ಲಿ ಮಾಯವಾಗಿ ಬಿಸಿಲಿನಲ್ಲಿ ಮರಳುವುದು ಇದರ ಗುರುತು. ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ ಒಂದು ಬುಷ್‌ಗೆ ಮಾತ್ರ ಸಿಂಪಡಿಸಿ, ಬಾನೆಟ್ ಅನ್ನು ಒತ್ತಿ ನೋಡಬೇಕು. ಸದ್ದು ನಿಲ್ಲದಿದ್ದರೆ ಮುಂದಿನ ಬುಷ್‌ಗೆ ಸಾಗಬೇಕು. ಎಲ್ಲಕ್ಕೂ ಒಮ್ಮೆಲೇ ನೀರು ಹೊಡೆದರೆ ಯಾವುದರ ದೋಷ ಎಂಬುದು ತಿಳಿಯುವುದಿಲ್ಲ.

ಕೆಲವು ವಾಟರ್ ಸರ್ವಿಸ್ ಕೇಂದ್ರಗಳಲ್ಲಿ ಕಾರಿನ ಅಡಿಭಾಗಕ್ಕೆ ಡೀಸೆಲ್ ಅಥವಾ ಹಳೆಯ ಎಂಜಿನ್ ಆಯಿಲ್ ಸಿಂಪಡಿಸುವ ರೂಢಿಯಿದೆ. ಸದ್ದು ತಾತ್ಕಾಲಿಕವಾಗಿ ನಿಲ್ಲುವುದು ನಿಜ. ಆದರೆ ಡೀಸೆಲ್ ಹೀರಿದ ರಬ್ಬರ್ ಉಬ್ಬಿ, ಮೆತ್ತಗಾಗಿ ಬೇಗನೆ ಹರಿಯುತ್ತದೆ. ಬ್ರೇಕ್ ಡಿಸ್ಕ್ ಮೇಲೆ ಎಣ್ಣೆ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಅಗತ್ಯವಿದ್ದಲ್ಲಿ ರಬ್ಬರ್‌ಗೆ ಹಾನಿ ಮಾಡದ ಸಿಲಿಕೋನ್ ಗ್ರೀಸ್ ಮಾತ್ರ ಬಳಸಬಹುದು.

ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ

ಮನೆಯಲ್ಲಿಯೇ ಪರೀಕ್ಷಿಸುವವರು ಒಂದು ಎಚ್ಚರಿಕೆಯನ್ನು ಮರೆಯಬಾರದು. ಕಾರಿನೊಂದಿಗೆ ಬರುವ ಜಾಕ್ ಇರುವುದು ಚಕ್ರ ಬದಲಿಸಲು ಮಾತ್ರ. ಅದರ ಆಧಾರದ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕುವುದು ಪ್ರಾಣಾಪಾಯಕ್ಕೆ ಆಹ್ವಾನ. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಗಳಿಗೆ ಕಲ್ಲು ಅಥವಾ ಮರದ ತಡೆ, ಬಾಡಿಗೆ ಜಾಕ್ ಸ್ಟ್ಯಾಂಡ್ ಇಷ್ಟು ಇಲ್ಲದೆ ಕೆಳಗೆ ಇಳಿಯಬಾರದು. ಸ್ಟ್ರಟ್ ಬಿಚ್ಚಿ ಸ್ಪ್ರಿಂಗ್ ತೆಗೆಯುವ ಕೆಲಸವನ್ನಂತೂ ಮನೆಯಲ್ಲಿ ಮಾಡಲೇಬಾರದು. ಒತ್ತಿ ಹಿಡಿದ ಸ್ಪ್ರಿಂಗ್ ಹಾರಿದರೆ ಗುಂಡಿನಷ್ಟೇ ಅಪಾಯಕಾರಿ.

ಗ್ಯಾರೇಜಿನಲ್ಲಿ ಏನು ಕೇಳಬೇಕು?

* ಲಿಫ್ಟ್ ಹತ್ತಿಸುವ ಮುನ್ನ ಮೆಕ್ಯಾನಿಕ್ ಜತೆ ಟೆಸ್ಟ್ ಡ್ರೈವ್ ಹೋಗಿ, ಸದ್ದನ್ನು ಅವರಿಗೆ ಕೇಳಿಸಬೇಕು. ಸದ್ದು ಕೇಳದೆ ಮಾಡುವ ರಿಪೇರಿ ಕೇವಲ ಊಹೆ.
* ಸವೆದ ಭಾಗವನ್ನು ಅಲ್ಲಾಡಿಸಿ ತೋರಿಸುವಂತೆ ಕೋರಬೇಕು.
* ಒಂದೇ ಬಾರಿಗೆ ಎಲ್ಲವನ್ನೂ ಬದಲಿಸದೆ, ದೋಷ ಖಚಿತವಾದ ಭಾಗದಿಂದ ಆರಂಭಿಸಬೇಕು.
* ಬದಲಿಸಿದ ಹಳೆಯ ಭಾಗಗಳನ್ನು ಹಿಂದಕ್ಕೆ ಪಡೆಯಬೇಕು.
* ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಕೊಳ್ಳುವವರು ಬಿಲ್ ಪಡೆಯಬೇಕು. ಬಾಲ್ ಜಾಯಿಂಟ್, ಟೈ ರಾಡ್‌ಗಳಲ್ಲಿ ಅಗ್ಗದ ನಕಲಿ ಮಾಲಿಗೆ ಮರುಳಾಗಬಾರದು.
* ಲೋವರ್ ಆರ್ಮ್, ಟೈ ರಾಡ್ ಅಥವಾ ಸ್ಟ್ರಟ್ ಬಿಚ್ಚಿದ ಬಳಿಕ ವೀಲ್ ಅಲೈನ್‌ಮೆಂಟ್ ಕಡ್ಡಾಯವಾಗಿ ಮಾಡಿಸಬೇಕು.

ಸದ್ದು ಹುಟ್ಟದಂತೆ ತಡೆಯುವುದು

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯ ಪ್ರಕಾರ ರಸ್ತೆ ಹಂಪ್ 3.7 ಮೀಟರ್ ಅಗಲವಾಗಿದ್ದು, 10 ಸೆಂ.ಮೀ. ಎತ್ತರದಲ್ಲಿ ದುಂಡಗಿರಬೇಕು. ಅಂಥ ಹಂಪನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬಹುದು. ಬಡಾವಣೆಗಳಲ್ಲಿ ರಾತ್ರೋರಾತ್ರಿ ತಲೆಯೆತ್ತುವ ಗೋಡೆಯಂತಹ ಹಂಪ್‌ಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವುಗಳನ್ನು ನಡಿಗೆಯ ವೇಗದಲ್ಲಿ ದಾಟುವುದೇ ಕ್ಷೇಮ.

ಗುಂಡಿ ತಪ್ಪಿಸಲಾಗದಿದ್ದರೆ ಅದಕ್ಕೂ ಮುಂಚೆ ಬ್ರೇಕ್ ಹಿಡಿದು ವೇಗ ತಗ್ಗಿಸಿ, ಚಕ್ರ ಗುಂಡಿಗೆ ಇಳಿಯುವ ಹೊತ್ತಿಗೆ ಬ್ರೇಕ್ ಬಿಡಬೇಕು. ಬ್ರೇಕ್ ಹಿಡಿದಿರುವಾಗ ಕಾರಿನ ಮೂತಿ ತಗ್ಗಿ ಮುಂದಿನ ಸ್ಪ್ರಿಂಗ್ ಮೊದಲೇ ಅದುಮಿರುತ್ತದೆ. ಆಗ ಬೀಳುವ ಹೊಡೆತವನ್ನು ತಡೆಯಲು ಅದಕ್ಕೆ ಜಾಗವೇ ಉಳಿದಿರುವುದಿಲ್ಲ. ಟೈರಿನಲ್ಲಿ ಕಂಪನಿ ಸೂಚಿಸಿದಷ್ಟೇ ಗಾಳಿ ಇರಬೇಕು. ಹೆಚ್ಚು ಗಾಳಿ ತುಂಬಿದರೆ ಪ್ರತಿ ಹೊಡೆತವೂ ನೇರವಾಗಿ ಕೀಲುಗಳಿಗೆ ತಲುಪುತ್ತದೆ. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಕೆಸರು, ಬಯಲುಸೀಮೆಯ ಧೂಳು ಮೂರೂ ರಬ್ಬರ್ ಹೊದಿಕೆಗಳಿಗೆ ಶತ್ರುಗಳೇ. ಪ್ರತಿ ಸರ್ವಿಸ್‌ನಲ್ಲಿ ಈ ಹೊದಿಕೆಗಳನ್ನು ನೋಡಿಸುವ ಅಭ್ಯಾಸ ಒಳ್ಳೆಯದು.

ಕೂಡಲೇ ನಿಲ್ಲಿಸಬೇಕಾದ ಸಂದರ್ಭಗಳು

ಲಿಂಕ್, ಬುಷ್‌ಗಳ ಸದ್ದಿಗೆ ಕೆಲವು ದಿನ ಕಾಯಬಹುದು. ಆದರೆ ಚಕ್ರದ ನಟ್ ಸಡಿಲವಾಗಿದ್ದರೆ, ಬಾಲ್ ಜಾಯಿಂಟ್ ಅಥವಾ ಟೈ ರಾಡ್‌ನಲ್ಲಿ ಕಣ್ಣಿಗೆ ಕಾಣುವ ಅಲುಗಾಟವಿದ್ದರೆ, ಸ್ಪ್ರಿಂಗ್ ಮುರಿದಿದ್ದರೆ, ಸ್ಟೀರಿಂಗ್ ಇದ್ದಕ್ಕಿದ್ದಂತೆ ಒಂದೆಡೆ ವಾಲಿ ನಿಂತರೆ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗುವ ಸಾಹಸ ಮಾಡಬಾರದು. ಮೆಕ್ಯಾನಿಕ್‌ನನ್ನು ಕಾರಿನ ಬಳಿಗೆ ಕರೆಸುವುದು ಅಥವಾ ಟೋ ಮಾಡಿಸುವುದೇ ಸರಿಯಾದ ಮಾರ್ಗ. ಅದಕ್ಕೆ ತಗಲುವ ಖರ್ಚು ಆಸ್ಪತ್ರೆಯ ಬಿಲ್‌ಗಿಂತ ಯಾವತ್ತೂ ಕಡಿಮೆಯೇ.